20 ಅಡಿ ಉದ್ದ, 12 ಅಡಿ ಅಗಲದ ಕಾಡು: ನಮ್ಮ ಹಿತ್ತಿಲು ಮಾಡಿಕೊಟ್ಟ ತೋಟಗಾರಿಕೆ ತಂಡದ ವಿಮರ್ಶೆ

ನಮ್ಮ ಹಿತ್ತಿಲಿನ ಅಳತೆ 20 ಅಡಿಗೆ 12 ಅಡಿ. ಲೆಕ್ಕ ಹಾಕಿದರೆ ಸುಮಾರು 22 ಚದರ ಮೀಟರ್. ಮೂರು ಕಡೆ ಕಾಂಪೌಂಡ್ ಗೋಡೆ, ಒಂದು ಮೂಲೆಯಲ್ಲಿ ಹಳೆಯ ಸೀಬೆ ಮರ, ಉಳಿದದ್ದೆಲ್ಲ ಮನೆ ಕಟ್ಟುವಾಗ ಬಿದ್ದ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ ಸೇರಿಕೊಂಡ ಮಣ್ಣು. ಇಷ್ಟು ಜಾಗದಲ್ಲಿ ಕಾಡಿನಂಥ ತೋಟ ಬೇಕು ಅಂತ ಒಂದು ಸಣ್ಣ ತೋಟಗಾರಿಕೆ ತಂಡಕ್ಕೆ ಕೆಲಸ ಒಪ್ಪಿಸಿದೆವು. ಗಿಡ ನೆಟ್ಟ ಮೇಲೆ ಒಂದು ಮಳೆಗಾಲವೂ ಒಂದು ಬೇಸಿಗೆಯೂ ಕಳೆದಿವೆ. ತೋಟದ ಕೆಲಸವನ್ನು ನೆಟ್ಟ ವಾರದಲ್ಲಿ ಅಳೆಯಬಾರದು, ಬೇಸಿಗೆ ದಾಟಿದ ಮೇಲೇ ಅಳೆಯಬೇಕು ಅಂತ ಕಾದು ಈಗ ಬರೆಯುತ್ತಿದ್ದೇನೆ. ವಿನ್ಯಾಸಕ್ಕೆ, ನೆಟ್ಟ ಕೆಲಸಕ್ಕೆ ಐದಕ್ಕೆ ಐದು ಅಂಕ. ನೆಟ್ಟ ನಂತರದ ನಿರ್ವಹಣೆಗೆ ಎರಡು. ಈ ಎರಡಕ್ಕೂ ಕಾರಣಗಳಿವೆ, ವಿವರವಾಗಿ ಹೇಳುತ್ತೇನೆ.

ಈ ತಂಡಕ್ಕಿಂತ ಮೊದಲು ಬೇರೆ ಇಬ್ಬರನ್ನು ಕರೆಸಿ ಕೇಳಿದ್ದೆ. ಒಬ್ಬರು ಮೊಬೈಲಿನಲ್ಲಿ ಫೋಟೊ ತೋರಿಸಿ ಐವತ್ತಕ್ಕೂ ಹೆಚ್ಚು ಜಾತಿಯ ಗಿಡಗಳ ಪಟ್ಟಿ ಕೊಟ್ಟರು, ಪ್ರತಿಯೊಂದೂ ಒಂದೊಂದೇ. ಇನ್ನೊಬ್ಬರು "ಮಿಯಾವಾಕಿ ಮಾಡಿಕೊಡ್ತೀವಿ, ಮೂರು ವರ್ಷದಲ್ಲಿ ಕಾಡು" ಅಂದರು. ಆ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ (1928–2021) ರೂಪಿಸಿದ್ದು ಆಯಾ ನೆಲಕ್ಕೆ ಸೇರಿದ ಮರಗಳನ್ನೇ ಚದರ ಮೀಟರಿಗೆ ಮೂರ್ನಾಲ್ಕರಂತೆ ಒತ್ತೊತ್ತಾಗಿ ನೆಟ್ಟು, ಬೆಳಕಿಗಾಗಿ ಅವು ಪೈಪೋಟಿಯಲ್ಲಿ ಮೇಲೇರುವಂತೆ ಮಾಡುವ ವಿಧಾನ. ಅದು ನಿಜವಾದ ಅರಣ್ಯವನ್ನು ಮರಳಿ ತರುವ ಕೆಲಸ. ಮನೆಯ ಪಾಯದಿಂದ ನಾಲ್ಕಡಿ ದೂರದಲ್ಲಿ ಎಪ್ಪತ್ತು ಕಾಡುಮರಗಳನ್ನು ನೆಡುವ ಕೆಲಸ ಅಲ್ಲ. ಜೊತೆಗೆ, ಅಂಥ ಕಾಡಿನೊಳಗೆ ಕುರ್ಚಿ ಹಾಕಿಕೊಂಡು ಕೂರಲು ಜಾಗವಿರುವುದಿಲ್ಲ. ನಮ್ಮಮ್ಮ ದಿನಾ ಸಂಜೆ ಹಿತ್ತಿಲಲ್ಲಿ ಕೂರುವವರು, ಊರುಗೋಲು ಹಿಡಿದು ನಡೆಯುವವರು. ನಮಗೆ ಬೇಕಿದ್ದದ್ದು ಕಾಡಿನ ಅನುಭವ. ದೊಡ್ಡ ಎಲೆ, ತೇವ, ನೆರಳು, ಗೋಡೆ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗದಿರುವುದು.

ಈ ತಂಡದ ಮುಖ್ಯಸ್ಥ ಹುಡುಗ ಬಂದವನು ಗಿಡದ ಮಾತೇ ಎತ್ತಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದ, ಅಮ್ಮ ಕೂರುವ ಕುರ್ಚಿಯಲ್ಲಿ ಕೂತು ನೋಡಿದ. ಆಮೇಲೆ ಹಾರೆ ತಗೊಂಡು ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿದ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಕಡ್ಡಿಯಲ್ಲಿ ಗುರುತು ಮಾಡಿ, ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಅಳೆದ. ಗಂಟೆಗೆ ಎರಡರಿಂದ ಐದು ಸೆಂಟಿಮೀಟರ್ ಇಳಿದರೆ ಮಣ್ಣು ಚೆನ್ನಾಗಿದೆ ಅಂತ ಅರ್ಥ. ನಮ್ಮದು ಅರ್ಧ ಸೆಂಟಿಮೀಟರೂ ಇಳಿಯಲಿಲ್ಲ. "ಅಕ್ಕಾ, ಇದರಲ್ಲಿ ಏನು ನೆಟ್ಟರೂ ಬೇರು ಕೊಳೆಯುತ್ತೆ. ಮೊದಲು ಮಣ್ಣು, ಆಮೇಲೆ ಗಿಡ. ಗಿಡಕ್ಕೆ ಇಟ್ಟಿರೋ ದುಡ್ಡಲ್ಲಿ ಅರ್ಧ ಮಣ್ಣಿಗೆ ಹೋಗುತ್ತೆ, ಪರವಾಗಿಲ್ವಾ?" ಅಂದ. ಅವತ್ತೇ ಇವರಿಗೇ ಕೆಲಸ ಕೊಡೋಣ ಅಂತ ತೀರ್ಮಾನಿಸಿದೆ.

ಒಂದೂವರೆ ಅಡಿ ಆಳಕ್ಕೆ ಅಗೆದು ಕಟ್ಟಡದ ಕಸವನ್ನೆಲ್ಲ ಚೀಲ ಚೀಲ ಹೊರಗೆ ಹಾಕಿದರು. ಸೀಬೆ ಮರದ ಬೇರಿನ ಸುತ್ತ ಮಾತ್ರ ಹಾರೆ ಮುಟ್ಟಿಸದೆ ಕೈಯಲ್ಲೇ ಬಿಡಿಸಿದರು. ಉಳಿದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ, ದಪ್ಪ ಮರಳು, ಸ್ವಲ್ಪ ತೆಂಗಿನ ನಾರಿನ ಪುಡಿ, ಬೇವಿನ ಹಿಂಡಿ. ನಾರಿನ ಪುಡಿಯನ್ನು ಹಾಗೇ ಸುರಿಯದೆ ಡ್ರಮ್ಮಿನಲ್ಲಿ ನೆನೆಸಿ, ನೀರು ಬಸಿದು, ಮತ್ತೆ ನೆನೆಸಿ ಬಳಸಿದ್ದು ನನಗೆ ತುಂಬ ಇಷ್ಟವಾಯಿತು. ತೊಳೆಯದ ನಾರಿನಲ್ಲಿ ಉಪ್ಪಿನಂಶ ಇರುತ್ತದೆ, ಎಳೆ ಬೇರು ಸುಡುತ್ತದೆ. ಈ ಒಂದು ಹಂತವನ್ನು ಹಾರಿಸಿ ಆಮೇಲೆ "ಗಿಡ ಯಾಕೋ ಹಿಡೀಲಿಲ್ಲ" ಅನ್ನುವವರೇ ಹೆಚ್ಚು.

ಇನ್ನು ವಿನ್ಯಾಸ. ಇವರ ಪಟ್ಟಿಯಲ್ಲಿ ಇದ್ದದ್ದು ಹದಿನಾಲ್ಕೇ ಜಾತಿಯ ಗಿಡಗಳು. ಮೊದಲು ನೋಡಿದಾಗ ನಮ್ಮೆಜಮಾನರು "ಇಷ್ಟೇನಾ?" ಅಂದರು. ಆದರೆ ಈ ತೋಟ ಗೆದ್ದಿರುವುದೇ ಅಲ್ಲಿ. ಸಣ್ಣ ಜಾಗದಲ್ಲಿ ನೂರು ಬಗೆಯ ಗಿಡ ಇಟ್ಟರೆ ನರ್ಸರಿಯ ಮಾರಾಟದ ಕಟ್ಟೆ ಆಗುತ್ತದೆ, ಕಾಡು ಆಗುವುದಿಲ್ಲ. ಕಾಡಿನಲ್ಲಿ ಒಂದೇ ಗಿಡ ಹಬ್ಬಿ, ಹರಡಿ, ಇನ್ನೊಂದರೊಳಗೆ ನುಗ್ಗಿ ಬೆಳೆದಿರುತ್ತದೆ. ಬ್ರೆಜಿಲ್‌ನ ರೊಬೆರ್ತೊ ಬುರ್ಲೆ ಮಾರ್ಕ್ಸ್ (1909–1994) ಉಷ್ಣವಲಯದ ತೋಟಗಳಿಗೆ ಹೊಸ ದಾರಿ ತೋರಿಸಿದವರು. ರಿಯೊ ಡಿ ಜನೈರೊ ಬಳಿಯ ಅವರ ಮನೆ-ತೋಟದಲ್ಲಿ 3,500ಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ, 2021ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟೊಂದು ಸಸ್ಯ ಸಂಪತ್ತು ಕೈಯಲ್ಲಿದ್ದವರೂ ತೋಟ ಮಾಡುವಾಗ ಒಂದೇ ಗಿಡವನ್ನು ಗುಂಪು ಗುಂಪಾಗಿ, ಪಟ್ಟೆ ಪಟ್ಟೆಯಾಗಿ ಹರಡುತ್ತಿದ್ದರು. ನಮ್ಮ 22 ಚದರ ಮೀಟರಿನಲ್ಲಿ ಈ ತಂಡ ಪಾಲಿಸಿದ್ದೂ ಅದೇ ಸೂತ್ರವನ್ನು. ಜರಿಗಿಡ ಒಂದೇ ಜಾತಿ, ಆದರೆ ಹನ್ನೆರಡು ಬುಡ. ಅವು ಈಗ ಒಂದಕ್ಕೊಂದು ಸೇರಿ ಹಾದಿಯ ಅಂಚನ್ನೇ ಮುಚ್ಚಿವೆ.

ಎತ್ತರದ ಪದರಗಳನ್ನು ಅವರು ಜೋಡಿಸಿದ ರೀತಿಯನ್ನು ಬಿಡಿಸಿ ಹೇಳಬೇಕು. ಮಳೆಕಾಡಿನಲ್ಲಿ ಮೇಲಿನ ಎಲೆಚಪ್ಪರ ಬೆಳಕನ್ನೆಲ್ಲ ಹೀರಿಕೊಂಡು ನೆಲಕ್ಕೆ ಮುಟ್ಟುವುದು ಶೇಕಡ ಎರಡರಷ್ಟೋ ಅದಕ್ಕೂ ಕಡಿಮೆಯೋ. ಅಲ್ಲಿ ಬದುಕುವ ಗಿಡಗಳು ದೊಡ್ಡ, ತೆಳ್ಳನೆಯ, ಕಡುಹಸಿರು ಎಲೆ ಬಿಡುವುದು ಅದಕ್ಕೇ. ನಮಗೆ ಎಲೆಚಪ್ಪರವಾಗಿ ಇದ್ದದ್ದು ಆ ಸೀಬೆ ಮರ ಒಂದೇ. ಬೇರೆ ಇಬ್ಬರೂ ಅದನ್ನು ಕಡಿದು ಜಾಗ ಮಾಡೋಣ ಅಂದಿದ್ದರು. ಇವರು ಮರವನ್ನು ಉಳಿಸಿ, ತಲೆಗೆ ತಾಗುತ್ತಿದ್ದ ಕೆಳಗಿನ ಕೊಂಬೆಗಳನ್ನು ಮಾತ್ರ ತೆಗೆದರು. ಅದರ ನಯವಾದ, ಸಿಪ್ಪೆ ಸುಲಿಯುವ ಕಾಂಡ ಈಗ ಪೂರ್ತಿ ಕಾಣುತ್ತದೆ, ಕೆಳಗೆ ಚುಕ್ಕೆ ಚುಕ್ಕೆ ಬೆಳಕು ಬೀಳುತ್ತದೆ. ಹೊಸದಾಗಿ ಒಂದು ಮರ ನೆಟ್ಟು ಆ ನೆರಳು ಬರಬೇಕಾದರೆ ವರ್ಷಗಟ್ಟಲೆ ಕಾಯಬೇಕಿತ್ತು.

ಮರದ ಕೆಳಗಿನ ಪದರಕ್ಕೆ ಎದುರು ಮೂಲೆಯಲ್ಲಿ ಗಿಡ್ಡ ತಳಿಯ ಬಾಳೆ, ಗೋಡೆಯುದ್ದಕ್ಕೂ ರಾಪಿಸ್ ಪಾಮ್. ಅರೆಕಾ ಪಾಮ್ ಯಾಕೆ ಬೇಡ ಅಂತ ಕೇಳಿದೆ. ಮಡಗಾಸ್ಕರ್ ಮೂಲದ ಅರೆಕಾ ನೆಲದಲ್ಲಿ ಬೇರು ಬಿಟ್ಟರೆ ಇಪ್ಪತ್ತಡಿಯ ಹತ್ತಿರ ಹೋಗುತ್ತದೆ, ಅಗಲಕ್ಕೂ ಹಬ್ಬುತ್ತದೆ. ಕುಂಡದಲ್ಲಿ ನೋಡಿ ಮೋಸ ಹೋಗಬೇಡಿ ಅಂದರು. ರಾಪಿಸ್ ನಿಧಾನ, ನೆರಳು ತಡೆಯುತ್ತದೆ, ಎಂಟು ಹತ್ತು ಅಡಿಗೆ ನಿಲ್ಲುತ್ತದೆ, ಬಿದಿರಿನಂಥ ತೆಳು ಕಾಂಡಗಳ ಮೇಲೆ ಬೆರಳು ಬಿಡಿಸಿದ ಅಂಗೈಯ ಹಾಗಿನ ಎಲೆ. ನಿಧಾನಕ್ಕೆ ಬೆಳೆಯುವ ಗಿಡವಾದ್ದರಿಂದ ದೊಡ್ಡ ಬುಡಗಳನ್ನೇ ಕೊಳ್ಳಬೇಕಾಯಿತು. ಇಡೀ ಪಟ್ಟಿಯಲ್ಲಿ ದುಬಾರಿ ಅದೇ. ಆದರೆ ಗೋಡೆ ಮರೆಯಾಗಿರುವುದು ಅದರಿಂದಲೇ.

ಬಿದಿರಿನ ವಿಷಯಕ್ಕೆ ಅವರು ಎಚ್ಚರಿಕೆ ಕೊಟ್ಟರು. ನನಗೆ ಬಿದಿರು ಬೇಕೇ ಬೇಕು ಅಂತ ಇತ್ತು. ಬಿದಿರಿನಲ್ಲಿ ಮೆಳೆಯಾಗಿ ಒಂದೇ ಕಡೆ ನಿಲ್ಲುವುದು ಒಂದು ಬಗೆ, ನೆಲದಡಿ ಗೆಡ್ಡೆ ಓಡಿಸಿ ಎಲ್ಲೆಲ್ಲೋ ಮೇಲೇಳುವುದು ಇನ್ನೊಂದು. ಫಿಲ್ಲೊಸ್ಟಾಕಿಸ್ ಕುಲದ ಬಿದಿರು ಎರಡನೆಯದು. ಗೋಡೆಯ ಬುಡ ದಾಟಿ ಪಕ್ಕದವರ ಅಂಗಳದಲ್ಲಿ ಏಳಬಲ್ಲದು. ನಮಗೆ ಹಾಕಿಕೊಟ್ಟದ್ದು ಬಾಂಬುಸಾ ಮಲ್ಟಿಪ್ಲೆಕ್ಸ್‌ನ ಗಿಡ್ಡ ತಳಿ, ಮೆಳೆಯಾಗಿ ನಿಲ್ಲುವಂಥದ್ದು. ಗಾಳಿ ಬೀಸಿದಾಗ ಅದರ ಸದ್ದೊಂದೇ ಸಾಕು.

ನಡುವಿನ ಎತ್ತರದಲ್ಲಿ ಕೆಸು, ಸೀಳು ಎಲೆಯ ಮಾನ್‌ಸ್ಟೆರಾ, ಸುರುಳಿ ಸುಗಂಧಿ, ಬಾಳೆಯಂಥ ಎಲೆಯ ಹೆಲಿಕೋನಿಯಾ. ಕೆಸುವನ್ನು ತೋಟದ ಅಂದಕ್ಕೆ ನೆಡಬಹುದು ಅಂತ ಬಹಳ ಜನ ಯೋಚಿಸುವುದಿಲ್ಲ. ಬಿಸಿಲು ಬಿದ್ದಾಗ ಆ ಎಲೆಯ ಹಿಂದಿನಿಂದ ನರಗಳೆಲ್ಲ ಬೆಳಗುವುದನ್ನು ನೋಡಬೇಕು. ಮೇಲೆ ಬಿದ್ದ ನೀರು ಅಂಟದೆ ಮಣಿಯಾಗಿ ಉರುಳುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಮಳೆಯಿಲ್ಲದ ದಿನವೂ ಎಲೆಯ ತುದಿಯಿಂದ ಹನಿ ತೊಟ್ಟಿಕ್ಕುತ್ತಿರುತ್ತದೆ. ಬೇರು ರಾತ್ರಿಯೆಲ್ಲ ಹೀರಿದ ನೀರಿನಲ್ಲಿ ಹೆಚ್ಚಾದದ್ದನ್ನು ಗಿಡ ಹಾಗೆ ಹೊರಗೆ ಬಿಡುತ್ತದೆ. ತೇವ ಹೆಚ್ಚು ನಿಲ್ಲುವ ಮೂಲೆಯನ್ನು ಕೆಸುವಿಗೇ ಬಿಟ್ಟುಕೊಟ್ಟದ್ದು ಜಾಣತನ.

ಸುರುಳಿ ಸುಗಂಧಿಯನ್ನು ಅಮ್ಮನ ಕುರ್ಚಿಯ ಪಕ್ಕದಲ್ಲೇ ಹಾಕಿಸಿದೆ. ಬಿಳಿ ಚಿಟ್ಟೆಯ ಹಾಗಿನ ಹೂ, ಸಂಜೆಗೆ ಪರಿಮಳ ಜಾಸ್ತಿ. ಕ್ಯೂಬಾದ ರಾಷ್ಟ್ರೀಯ ಹೂವು ಇದೇ. ಆದರೆ ಹವಾಯಿಯಂಥ ಕಡೆ ಇದು ಕಾಡಿಗೆ ನುಗ್ಗಿ ಕಳೆಯಾಗಿದೆ, ತೊರೆಗಳ ಅಂಚಿನಲ್ಲಿ ಬೇರೆ ಗಿಡ ಏಳದಂತೆ ಹಬ್ಬಿದೆ. ಆದ್ದರಿಂದ ಹೆಚ್ಚಾದ ಗೆಡ್ಡೆಗಳನ್ನು ಹಳ್ಳದ ದಂಡೆಗೋ ಖಾಲಿ ಜಾಗಕ್ಕೋ ಎಸೆಯಬಾರದು. ಕಾಡಿನ ತೋಟ ಮಾಡುವವರಿಗೆ ನಿಜವಾದ ಕಾಡಿನ ಮೇಲೆ ಇಷ್ಟಾದರೂ ಕಾಳಜಿ ಬೇಕು. ಈ ಎಚ್ಚರಿಕೆಯನ್ನು ತಂಡದವರೇ ಕೊಟ್ಟರು, ಕೇಳದೆಯೇ.

ಹೆಲಿಕೋನಿಯಾ ಮಾತ್ರ ಒಂದು ಕಡೆ ಬದಲಾಗಿ ಬಂತು. ನರ್ಸರಿಯವರು ಕಳಿಸಿದ ಬುಡಗಳಲ್ಲಿ ಕೆಲವು ಕಾಬಾಳೆ. ಎಳೆಯದರಲ್ಲಿ ಎರಡರ ಎಲೆಯೂ ಹೆಚ್ಚು ಕಡಿಮೆ ಒಂದೇ ಥರ. ಹೂ ಬಿಟ್ಟ ಮೇಲೆ ಗೊತ್ತಾಯಿತು. ಫೋಟೊ ಕಳಿಸಿದ್ದಕ್ಕೆ ಮರುಮಾತಿಲ್ಲದೆ ಬಂದು ಕಿತ್ತು ಬೇರೆ ಹಾಕಿಕೊಟ್ಟರು.

ನೆಲದ ಪದರದಲ್ಲಿ ಜರಿಗಿಡ, ಕ್ಯಾಲೇಥಿಯಾ, ಮತ್ತು ಅಂಚಿಗೆ ನೇರಳೆ ಪಟ್ಟೆಯ ಟ್ರಾಡಿಸ್ಕಾಂಶಿಯಾ. ಕ್ಯಾಲೇಥಿಯಾ ಎಲೆಗಳು ರಾತ್ರಿ ಮೇಲಕ್ಕೆ ಮಡಚಿಕೊಂಡು ಬೆಳಗ್ಗೆ ಮತ್ತೆ ಹರಡಿಕೊಳ್ಳುತ್ತವೆ. ತೊಟ್ಟಿನ ತುದಿಯಲ್ಲಿರುವ ಉಬ್ಬಿದ ಗಂಟಿನಲ್ಲಿ ನೀರಿನ ಒತ್ತಡ ಏರಿಳಿಯುವುದರಿಂದ ಹಾಗಾಗುತ್ತದೆ. ನನ್ನ ಮಗಳು ಮಲಗುವ ಮುಂಚೆ ಟಾರ್ಚ್ ಹಿಡಿದು ಹೋಗಿ "ಮಲಗಿದ್ವಾ?" ಅಂತ ನೋಡಿ ಬರುತ್ತಾಳೆ. ಸೀಬೆ ಕಾಂಡದ ಕವಲಿಗೆ ಹಕ್ಕಿಗೂಡು ಜರಿಯನ್ನು ತೆಂಗಿನ ನಾರಿನಲ್ಲಿ ಸುತ್ತಿ ಕಟ್ಟಿದ್ದಾರೆ. ಅದು ಮರದಿಂದ ಏನನ್ನೂ ಹೀರುವುದಿಲ್ಲ. ಉದುರಿದ ಎಲೆಗಳನ್ನು ತನ್ನ ನಡುವಿನ ಬಟ್ಟಲಿನಲ್ಲಿ ಹಿಡಿದು, ಕಳಿಸಿ, ತಾನೇ ಗೊಬ್ಬರ ಮಾಡಿಕೊಳ್ಳುತ್ತದೆ. ಅದನ್ನು ಕಸ ಅಂತ ಗುಡಿಸಿ ತೆಗೆಯಬೇಡಿ.

ಎಲ್ಲಕ್ಕಿಂತ ಚಂದ ಆಗಿರುವುದು ಮನಿ ಪ್ಲಾಂಟ್. ಬಾಟಲಿಯಲ್ಲಿ ಹಾಕಿ ಟಿವಿ ಪಕ್ಕ ಇಡುವ ಅದೇ ಗಿಡ. ಅದರ ಮೂಲ ಪೆಸಿಫಿಕ್ ಸಾಗರದ ಮೊಓರಿಯಾ ಎಂಬ ದ್ವೀಪ. ಕೆಳಗೆ ಇಳಿಬಿಟ್ಟರೆ ಎಲೆ ಚಿಕ್ಕದಾಗುತ್ತಾ ಹೋಗುತ್ತದೆ, ಮೇಲೆ ಹತ್ತಲು ಬಿಟ್ಟರೆ ದೊಡ್ಡದಾಗುತ್ತಾ ಹೋಗುತ್ತದೆ, ಬಲಿತ ಎಲೆ ಮಾನ್‌ಸ್ಟೆರಾ ಹಾಗೆ ಸೀಳುತ್ತದೆ. ನಾವು ಮನೆಯಲ್ಲಿದ್ದ ಬಳ್ಳಿಯನ್ನೇ ಕೊಟ್ಟೆವು. ಅವರು ಅದನ್ನು ಒರಟು ಮರದ ಕಂಬಕ್ಕೆ ಹತ್ತಿಸಿದರು. ಈಗ ಮೇಲಿನ ಎಲೆಗಳು ಊಟದ ತಟ್ಟೆಗಿಂತ ದೊಡ್ಡವು. ಖರ್ಚಿಲ್ಲದೆ ಕಾಡಿನ ಭಾವ ಬೇಕೆನ್ನುವವರು ಇದೊಂದನ್ನು ಮಾಡಿ ನೋಡಿ.

ಗೋಡೆಗೆ ಕಡುಹಸಿರು, ಹೆಚ್ಚು ಕಡಿಮೆ ಕಪ್ಪು ಅನ್ನಿಸುವ ಬಣ್ಣ ಹೊಡೆಸಿ ಅಂದಾಗ ಮನೆಯಲ್ಲಿ ಯಾರಿಗೂ ಒಪ್ಪಿಗೆಯಿರಲಿಲ್ಲ. ಸಣ್ಣ ಜಾಗಕ್ಕೆ ಬಿಳಿ ಬಣ್ಣ ಹೊಡೆದರೆ ದೊಡ್ಡದಾಗಿ ಕಾಣುತ್ತದೆ ಅನ್ನುವುದು ಕೋಣೆಯೊಳಗಿನ ಮಾತು. ತೋಟದಲ್ಲಿ ಬಿಳಿ ಗೋಡೆ ಎಲೆಗಳ ಸಂದಿಯಿಂದ ಇಣುಕಿ "ಇಲ್ಲಿಗೆ ಮುಗೀತು" ಅಂತ ಹೇಳುತ್ತದೆ. ಕಡುಬಣ್ಣದ ಗೋಡೆ ನೆರಳಿನ ಜೊತೆ ಬೆರೆತು ಹಿಂದೆ ಸರಿಯುತ್ತದೆ. ಈಗ ನೋಡಿದವರು ಹಿಂದೆ ಇನ್ನೂ ಜಾಗವಿದೆಯೇನೋ ಅಂದುಕೊಳ್ಳುತ್ತಾರೆ. ಕಪ್ಪು ಗೋಡೆ ಬಿಸಿಲಿಗೆ ಕಾಯುತ್ತದೆ ಅನ್ನುವುದೂ ನಿಜ. ಅದಕ್ಕೆ ಬಳ್ಳಿಯನ್ನು ಗೋಡೆಗೇ ಅಂಟಿಸದೆ, ಗೇಣು ದೂರದಲ್ಲಿ ತಂತಿ ಎಳೆದು ಹಬ್ಬಿಸಿದ್ದಾರೆ. ಗೋಡೆಗೆ ಅಂಟುವ ಫೈಕಸ್ ಬಳ್ಳಿಯನ್ನು ಬೇಡವೆಂದರು. ಬಲಿತ ಮೇಲೆ ಅದನ್ನು ಕೀಳಲು ಹೋದರೆ ಗಾರೆಯೂ ಜೊತೆಗೆ ಬರುತ್ತದೆ.

ಹಾದಿಯನ್ನು ನೇರ ಹಾಕಲಿಲ್ಲ. ಬಾಗಿಲಿನಿಂದ ಹೊರಟು ಬಾಳೆಯ ಗುಂಪಿನ ಹಿಂದೆ ತಿರುಗಿ ಕುರ್ಚಿಯ ಜಾಗಕ್ಕೆ ಮುಟ್ಟುತ್ತದೆ. ಹನ್ನೆರಡಡಿ ಅಗಲದಲ್ಲಿ ಆ ಒಂದು ತಿರುವು ಕೊಡಲು ಗಿಡದ ಪಾತಿಯನ್ನು ಹಾದಿಯ ಎರಡೂ ಕಡೆ ಉಬ್ಬಿಸಬೇಕಾಯಿತು. ಬಾಗಿಲಲ್ಲಿ ನಿಂತರೆ ಕುರ್ಚಿ ಕಾಣುವುದಿಲ್ಲ, ಕುರ್ಚಿಯಲ್ಲಿ ಕೂತರೆ ಮನೆ ಕಾಣುವುದಿಲ್ಲ. ಹಾದಿಯ ಅಗಲ ಮೂರಡಿ, ಒರಟು ಕಲ್ಲು. ಅಮ್ಮ ಊರುಗೋಲಿನಲ್ಲಿ ಆರಾಮಾಗಿ ಓಡಾಡುತ್ತಾರೆ. ಮೊದಲು ಎರಡಡಿ ಅಂತ ಇತ್ತು, ಅಮ್ಮ ಒಮ್ಮೆ ನಡೆದು ತೋರಿಸಿದ ಮೇಲೆ ಅವರೇ ಹಗ್ಗ ಸರಿಸಿ ಮತ್ತೆ ಗುರುತು ಹಾಕಿದರು. ಗಿಡಕ್ಕೆ ಸಿಗಬೇಕಿದ್ದ ಒಂದಡಿ ಹೋಯಿತಲ್ಲ ಅಂತ ಒಬ್ಬರೂ ಮುಖ ಸಣ್ಣ ಮಾಡಲಿಲ್ಲ.

ಮನೆಯಲ್ಲಿ ಬೆಕ್ಕು, ನಾಯಿ, ಸಣ್ಣ ಮಕ್ಕಳು ಇರುವವರು ಈ ಭಾಗವನ್ನು ಓದಲೇಬೇಕು. ಕೆಸು, ಮಾನ್‌ಸ್ಟೆರಾ, ಫಿಲೊಡೆಂಡ್ರಾನ್, ಮನಿ ಪ್ಲಾಂಟ್, ಡೀಫೆನ್‌ಬಾಕಿಯಾ ಎಲ್ಲ ಒಂದೇ ಕುಟುಂಬದವು. ಇವುಗಳ ಎಲೆ, ಕಾಂಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ. ಹಸಿಯಾಗಿ ಕಚ್ಚಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ತಂಡದ ಮೊದಲ ನಕ್ಷೆಯಲ್ಲಿ ಹಾದಿಯ ಪಕ್ಕದಲ್ಲೇ ಡೀಫೆನ್‌ಬಾಕಿಯಾ ಇತ್ತು, ಒಂದು ಸೈಕಸ್ ಕೂಡ ಇತ್ತು. ಸೈಕಸ್ ಪಾಮ್ ಥರ ಕಾಣುತ್ತದೆ, ಪಾಮ್ ಅಲ್ಲ. ಅದರ ಎಲ್ಲ ಭಾಗಗಳೂ, ಅದರಲ್ಲೂ ಬೀಜ, ನಾಯಿ ಬೆಕ್ಕುಗಳ ಯಕೃತ್ತನ್ನೇ ಹಾಳುಮಾಡುವಷ್ಟು ವಿಷ. ನಮ್ಮ ಮನೆಯಲ್ಲಿ ಬೆಕ್ಕಿದೆ ಅಂದ ಕೂಡಲೇ ಎರಡನ್ನೂ ತೆಗೆದರು. ಬೆಕ್ಕಿನ ಬಾಯಿಗೆ ಸಿಗುವ ಎತ್ತರದಲ್ಲಿ ಜರಿ, ಕ್ಯಾಲೇಥಿಯಾಗಳನ್ನು ಉಳಿಸಿ, ಕೆಸುವನ್ನು ಹಿಂದಕ್ಕೆ ಸರಿಸಿದರು. ಕೇಳಿದ ಮೇಲೆ ಮಾಡಿದ್ದು ಸರಿ. ಆದರೆ ಮನೆಯಲ್ಲಿ ಯಾರಿದ್ದಾರೆ ಅನ್ನುವ ಪ್ರಶ್ನೆಯನ್ನು ನಕ್ಷೆ ಬರೆಯುವ ಮೊದಲೇ ಅವರು ಕೇಳಬೇಕಿತ್ತು.

ಈಗ ನಿರ್ವಹಣೆಯ ವಿಷಯ. ನೆಟ್ಟ ಮೇಲೆ ತಿಂಗಳಿಗೊಮ್ಮೆ ಬಂದು ನೋಡಿಕೊಳ್ಳುವ ಒಪ್ಪಂದವನ್ನೂ ಇವರ ಜೊತೆಗೇ ಮಾಡಿಕೊಂಡೆವು. ಬರುತ್ತಿದ್ದದ್ದು ಬೇರೆಯದೇ ಹುಡುಗರು, ಪ್ರತಿ ಸಲ ಹೊಸಬರು. ವಿನ್ಯಾಸ ಮಾಡಿದವನ ತಲೆಯಲ್ಲಿ ಇದ್ದದ್ದು ಇವರ ಕತ್ತರಿಗೆ ಗೊತ್ತಿಲ್ಲ. ಒಂದು ಸಲ ಬಂದವರು ರಾಪಿಸ್‌ನ ಹೊಸ ಚಿಗುರುಗಳನ್ನೆಲ್ಲ ಬುಡದಿಂದ ಕತ್ತರಿಸಿ "ನೀಟ್" ಮಾಡಿದರು. ಪಾಮ್‌ನ ಒಂದು ಕಾಂಡ ಬೆಳೆಯುವುದು ತುದಿಯ ಒಂದೇ ಸುಳಿಯಿಂದ. ಅದನ್ನು ಕತ್ತರಿಸಿದರೆ ಆ ಕಾಂಡದ ಕತೆ ಅಲ್ಲಿಗೆ ಮುಗಿಯಿತು, ಪಕ್ಕದಲ್ಲಿ ಕವಲೊಡೆಯುವುದಿಲ್ಲ. ಬುಡ ತುಂಬಿಕೊಳ್ಳಬೇಕಿದ್ದ ಚಿಗುರುಗಳು ಹೋದವು. ಗೋಡೆ ಕೆಳಗಡೆ ಕಾಣತೊಡಗಿದ್ದು ಇನ್ನೂ ಮುಚ್ಚಿಲ್ಲ. ಇದು ನನಗೆ ನಿಜಕ್ಕೂ ನೋವು ಕೊಟ್ಟಿತು, ಯಾಕೆಂದರೆ ಆ ಗಿಡಕ್ಕೆ ಅವಸರವೇ ಗೊತ್ತಿಲ್ಲ.

ನೀರಿನ ಟೈಮರ್ ಇನ್ನೊಂದು ತೊಂದರೆ. ಹನಿ ನೀರಾವರಿ ಪೈಪುಗಳನ್ನು ಚೆನ್ನಾಗಿಯೇ ಹಾಕಿದ್ದರು, ಮಣ್ಣಿನ ಮೇಲೆ ಹರಡಿದ ಮುಚ್ಚಿಗೆಯ (ಮಲ್ಚ್) ಕೆಳಗೆ, ಕಾಣದ ಹಾಗೆ. ಆದರೆ ಟೈಮರನ್ನು ದಿನಕ್ಕೆ ಹತ್ತು ನಿಮಿಷ ಅಂತ ಇಟ್ಟು ಹೋದರು. ನಮ್ಮ ತೂತುಗಳು ಗಂಟೆಗೆ ನಾಲ್ಕು ಲೀಟರಿನವು. ಹತ್ತು ನಿಮಿಷಕ್ಕೆ ಒಂದೊಂದರಿಂದ ಮುಕ್ಕಾಲು ಲೀಟರೂ ಬರುವುದಿಲ್ಲ. ಮೇಲಿನ ಎರಡಿಂಚು ನೆನೆಯುತ್ತದೆ ಅಷ್ಟೆ. ಬೇರು ಆ ತೇವಕ್ಕೆ ಮೇಲೇ ಉಳಿಯುತ್ತದೆ, ಬೇಸಿಗೆಯ ಮೊದಲ ಜೋರು ಬಿಸಿಲಿಗೆ ಬಾಳೆಯ ಅಂಚು ಸುಡುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಮುಖ್ಯಸ್ಥನಿಗೆ ಫೋನ್ ಮಾಡಿದ ಮೇಲೆ ಮೂರು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಅಂತ ಬದಲಾಯಿಸಿದ. ತೂತಿಗೆ ಮೂರು ಲೀಟರ್, ಆಳಕ್ಕೆ ಇಳಿಯುವಷ್ಟು. ಜೋರು ಬಿಸಿಲಿನ ವಾರಗಳಲ್ಲಿ ದಿನ ಬಿಟ್ಟು ದಿನ. ಹೊಸ ಎಲೆಗಳು ಸುಟ್ಟಿಲ್ಲ. ಟೈಮರ್ ಇಟ್ಟುಕೊಟ್ಟರೆ ಸಾಲದು, ಬೆರಳನ್ನು ಮಣ್ಣಿಗೆ ಇಳಿಸಿ ಎಷ್ಟು ಆಳಕ್ಕೆ ತೇವವಿದೆ ಅಂತ ನೋಡುವುದನ್ನು ಮನೆಯವರಿಗೆ ಕಲಿಸಿ ಹೋಗಬೇಕು.

ಸೊಳ್ಳೆಯ ಬಗ್ಗೆ ಒಂದೂ ಮಾತು ಹೇಳದೆ ಅನಾನಸ್ ಕುಟುಂಬದ ಬ್ರೊಮೀಲಿಯಾಡ್‌ ಗಿಡಗಳನ್ನು ಇಟ್ಟು ಹೋದದ್ದು ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಆ ಗಿಡದ ಎಲೆಗಳು ಬುಡದಲ್ಲಿ ಸೇರಿ ಬಟ್ಟಲಾಗುತ್ತವೆ, ಅದರಲ್ಲಿ ನೀರು ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿರುವುದೇ ಅಂಥ ಸ್ವಲ್ಪ, ನಿಂತ ನೀರು. ಬಿಸಿ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ತಿಂಗಳಿಗೊಮ್ಮೆ ಬರುವವರಿಂದ ಇದು ತಪ್ಪುವುದಿಲ್ಲ. ಬಟ್ಟಲಿನಲ್ಲಿ ಹುಳ ಕುಣಿಯುವುದನ್ನು ಮೊದಲು ನೋಡಿದ್ದು ಮಗಳು. ಈಗ ವಾರಕ್ಕೊಮ್ಮೆ ಪೈಪ್ ಹಿಡಿದು ಜೋರಾಗಿ ನೀರು ಹಾಯಿಸಿ ಹಳೆಯ ನೀರನ್ನು ಹೊರಗೆ ತಳ್ಳುತ್ತೇವೆ. ಕುಂಡದ ಕೆಳಗಿನ ತಟ್ಟೆಗಳನ್ನು ತೆಗೆದೇ ಹಾಕಿದ್ದೇವೆ. ಹೊರಗೆ ತಳ್ಳಲಾಗದ ಕಡೆಗೆ ಬಿಟಿಐ ಹಾಕುತ್ತೇವೆ. ಅದು ಸೊಳ್ಳೆಯ ಮರಿಹುಳವನ್ನು ಕೊಲ್ಲುವ ಬ್ಯಾಕ್ಟೀರಿಯಾ, ಜೇನುನೊಣಕ್ಕೂ ಬೆಕ್ಕಿಗೂ ತೊಂದರೆಯಿಲ್ಲ. ದಟ್ಟ ತೋಟ ಮಾಡಿಕೊಡುವ ಯಾರೇ ಆಗಲಿ ಇದನ್ನು ಬರೆದು ಕೊಡಬೇಕು, ಬಾಯಿಮಾತಿನಲ್ಲೂ ಹೇಳಬೇಕು. ಸೊಳ್ಳೆ ಇದ್ದರೆ ಆ ತೋಟದಲ್ಲಿ ಯಾರೂ ಕೂರುವುದಿಲ್ಲ.

ಬಸವನಹುಳುಗಳ ಬಗ್ಗೆ ಹೇಳಿದ್ದರು, ಅದು ನಿಜವಾಯಿತು ಕೂಡ. ಮುಚ್ಚಿಗೆ ಹಾಕಿದ ತೇವದ ನೆಲ ಅವಕ್ಕೆ ಸ್ವರ್ಗ. ಕತ್ತಲಾದ ಮೇಲೆ ಕೈಯಲ್ಲಿ ಆರಿಸುವುದೇ ಉಪಾಯ. ಮುಚ್ಚಿಗೆಯನ್ನು ಎರಡು ಮೂರು ಇಂಚಿಗಿಂತ ದಪ್ಪ ಮಾಡದೆ, ಕಾಂಡದಿಂದ ನಾಲ್ಕು ಬೆರಳು ದೂರ ಇಟ್ಟ ಮೇಲೆ ಹಾವಳಿ ಕಡಿಮೆಯಾಗಿದೆ.

ಇಷ್ಟೆಲ್ಲ ಆಗಿಯೂ ತೋಟ ಬದುಕಿದೆ, ಬರೀ ಬದುಕಿಲ್ಲ, ಉಕ್ಕಿ ಬರುತ್ತಿದೆ. ಮಣ್ಣನ್ನು ಮೊದಲು ಸರಿಮಾಡಿದ್ದರ ಫಲ ಇದು ಅಂತ ನಾನು ಖಂಡಿತವಾಗಿ ನಂಬುತ್ತೇನೆ. ಮಧ್ಯಾಹ್ನದ ಹೊತ್ತು ಮುಂದಿನ ಅಂಗಳದಿಂದ ಹಿತ್ತಿಲಿಗೆ ಬಂದರೆ ಮೈಗೆ ತಂಪು ತಾಗುತ್ತದೆ. ಎಲೆಗಳು ಬಿಡುವ ತೇವ ಗೋಡೆಗಳ ನಡುವೆ ನಿಲ್ಲುತ್ತದೆ, ಜರಿಗಿಡಗಳು ಚೆನ್ನಾಗಿರುವುದೂ ಅದರಿಂದಲೇ. ಒಂದು ಗಿಡ ಇನ್ನೊಂದನ್ನು ಸಾಕುತ್ತಿದೆ. ಒಂಟಿ ಕುಂಡದಲ್ಲಿ ಒಣಗುತ್ತಿದ್ದ ಕ್ಯಾಲೇಥಿಯಾ ಇಲ್ಲಿ ಕಂದು ಅಂಚಿಲ್ಲದೆ ಬೆಳೆದಿದೆ.

ಇಂಥ ಸೇವೆ ತೆಗೆದುಕೊಳ್ಳಬೇಕೆನ್ನುವವರಿಗೆ ನನ್ನ ಸಲಹೆ: ವಿನ್ಯಾಸ, ಮಣ್ಣು, ನೆಡುವುದು ಈ ಮೂರನ್ನು ಒಂದೇ ತಂಡಕ್ಕೆ ಕೊಡಿ, ನಿರ್ವಹಣೆಯ ಒಪ್ಪಂದಕ್ಕೆ ಮಾತ್ರ ಆತುರಪಡಬೇಡಿ. ಬರುವವರು ಯಾರು, ಅದೇ ವ್ಯಕ್ತಿ ಪ್ರತಿ ಸಲ ಬರುತ್ತಾರಾ ಅಂತ ಕೇಳಿ. ಪ್ರತಿ ಗಿಡದ ಬಲಿತ ಎತ್ತರ, ಅಗಲ ಪಟ್ಟಿಯಲ್ಲಿ ಬರೆಸಿಕೊಳ್ಳಿ. ಗಿಡ ಎಷ್ಟು ಅನ್ನುವುದಕ್ಕಿಂತ ಎಷ್ಟು ಜಾತಿ ಅಂತ ಕೇಳಿ, ಉತ್ತರ ಚಿಕ್ಕದಿದ್ದಷ್ಟೂ ಒಳ್ಳೆಯದು. ಮೊದಲ ಆರು ತಿಂಗಳು ನಡುನಡುವೆ ಬರೀ ಮಣ್ಣು ಕಾಣುತ್ತದೆ, ಆಗ ಸಿಕ್ಕಿದ್ದನ್ನೆಲ್ಲ ತಂದು ತುಂಬಿಸಲು ಹೋಗಬೇಡಿ.

ನಾವು ಒಪ್ಪಂದವನ್ನು ಮುಂದುವರಿಸಲಿಲ್ಲ. ಮುಖ್ಯಸ್ಥ ಹುಡುಗನಿಗೆ ಕಾರಣವನ್ನು ನೇರವಾಗಿಯೇ ಹೇಳಿದೆ. ಬೇಸರ ಮಾಡಿಕೊಳ್ಳದೆ ಕೇಳಿಸಿಕೊಂಡು, ವರ್ಷಕ್ಕೆ ಎರಡು ಸಲ ತಾನೇ ಬರುವುದಾಗಿ ಒಪ್ಪಿದ್ದಾನೆ. ಒಮ್ಮೆ ಮಳೆಗೆ ಮುಂಚೆ, ಒಮ್ಮೆ ಮಳೆ ನಿಂತ ಮೇಲೆ. ಈ ಸಲ ಬಂದಾಗ ಗೊನೆ ಬಿಟ್ಟ ಬಾಳೆಯನ್ನು ತೆಗೆದು, ಪಕ್ಕದ ಕಂದುಗಳಲ್ಲಿ ಗಟ್ಟಿಯಾದ ಎರಡನ್ನು ಮಾತ್ರ ಉಳಿಸುವ ಕೆಲಸವಿದೆ. ಉಳಿದ ಕಂದುಗಳಿಗೆ ಪಕ್ಕದ ಮನೆಯವರು ಈಗಾಗಲೇ ಗುಂಡಿ ತೋಡಿಸಿದ್ದಾರೆ.